ಕುಂತವಗೆ ಕರಡಿಯಿಲ್ಲ

ಹೊಳೆಯ ದಂಡೆಗೆ ಒಂದು ಬಂಡೆಗಲ್ಲಿನ ಗುಡ್ಡ. ಗುಡ್ಡದ ಮೇಲೆ ಒಂದು ಸಣ್ಣ ಮಠ. ಮಠದಿಂದ ಹೊಳೆಗಾಗಲಿ ಊರಿಗಾಗಲಿ ಇಳಿಯಲು ಇದ್ದದ್ದು ಒಂದೇ ಕಣಿವೆ ದಾರಿ. ಆ ದಾರಿಯಲ್ಲಿ ಕರಡಿಗಳ ಓಡಾಟ.

ಅಲ್ಲಿಯ ಜನ ಕಣಿವೆಯಲ್ಲಿ ಬಾಯಿ ಮುಚ್ಚಿಕೊಂಡು ನಡೆಯುವುದಿಲ್ಲ. ‘ಹೋ... ಹೋಯ್’ ಎಂದು ಕೂಗುತ್ತಾ ಹೋಗುತ್ತಾರೆ. ಮನುಷ್ಯನ ದನಿ ಕೇಳಿದರೆ ಕರಡಿ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ದಿಢೀರನೆ ಎದುರಾದರೆ ಮಾತ್ರ ಮೈಮೇಲೆ ಬೀಳುತ್ತದೆ. ಇದು ಆ ಸೀಮೆಯ ಕೂಸಿಗೂ ಗೊತ್ತು.

ಮಠದ ಗುರುಗಳನ್ನು ಜನ ಕುಂತಜ್ಜ ಎನ್ನುತ್ತಿದ್ದರು. ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು.

ಆ ಹೆಸರು ಬಂದ ಕಥೆ ಇದು. ಅವರು ಇನ್ನೂ ಪ್ರಾಯದ ಶಿಷ್ಯನಾಗಿದ್ದಾಗ ತಮ್ಮ ಗುರು ಹಿರಿಯಜ್ಜನ ಜೊತೆ ಹೊಳೆಗೆ ಇಳಿಯುತ್ತಿದ್ದರು. ಕರಡಿ ಎದುರಾಯಿತು. ಹಿರಿಯಜ್ಜ ಅಲ್ಲೇ ಶಿವನ ಪಾದ ಸೇರಿದರು. ಶಿಷ್ಯ ಮಾತ್ರ ದಾರಿಯ ಪಕ್ಕದ ಬಂಡೆಯ ಮೇಲೆ ಕೂತವರು ಕೂತೇ ಇದ್ದರು. ಓಡಲಿಲ್ಲ, ಕೂಗಲಿಲ್ಲ. ಕರಡಿ ಅವರನ್ನು ಮೂಸಿ ನೋಡಿ ಹೊರಟುಹೋಯಿತು.

ಕುರಿ ಕಾಯುವವರು ಬಂದು ನೋಡಿದಾಗಲೂ ಅವರು ಕೂತೇ ಇದ್ದರು. ಪಕ್ಕದಲ್ಲಿ ಗುರುವಿನ ಹೆಣ. ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲ.

ಜನ ಅಡ್ಡಬಿದ್ದರು. ಅವತ್ತೇ ಹೊತ್ತು ತಂದು ಗದ್ದುಗೆಯ ಮೇಲೆ ಕೂರಿಸಿದರು.

ಕಥೆ ಹಳೆಯದಾದ ಹಾಗೆ ದಪ್ಪವಾಯಿತು. ಮೊದಲು ಒಂದು ಕರಡಿ ಇತ್ತು. ಆಮೇಲೆ ಜೋಡಿಯಾಯಿತು. ಆಮೇಲೆ ಆ ಜೋಡಿ ಅಜ್ಜನಿಗೆ ಪ್ರದಕ್ಷಿಣೆ ಹಾಕಿತು. ಜನರ ಬಾಯಿಗೆ ಬೀಗ ಹಾಕುವವರು ಯಾರು? ಹಾಕಬಹುದಾಗಿದ್ದವರು ಒಬ್ಬರೇ. ಅವರು ಹಾಕಲಿಲ್ಲ.

ಮಠದ ಬಾಗಿಲ ಮೇಲೆ ಯಾರೋ ಸುಣ್ಣದಲ್ಲಿ ಬರೆಸಿದರು: ‘ಕುಂತವಗೆ ಕರಡಿಯಿಲ್ಲ.’

ಎದೆ ಡವಗುಟ್ಟುವವರೆಲ್ಲ ಅಲ್ಲಿಗೆ ಬರತೊಡಗಿದರು. ಆಪರೇಶನ್ನಿಗೆ ದಿನ ಗೊತ್ತಾದವರು, ಚೊಚ್ಚಲ ಹೆರಿಗೆಗೆ ಹೆದರಿದವರು, ಪರೀಕ್ಷೆಯ ಹಾಲಿನಲ್ಲಿ ಕೈ ನಡುಗುವವರು. ಮೊದಲು ಕಣಿವೆಯ ಆ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂರುವುದು, ಆಮೇಲೆ ಮಠಕ್ಕೆ ಬರುವುದು ವಾಡಿಕೆ. ಕುಂತಜ್ಜ ಅವರ ಎದೆಯ ಮೇಲೆ ಅಂಗೈ ಇಡುತ್ತಿದ್ದರು. ಬಡಿತ ಇಳಿದ ಮೇಲೆ ತೆಗೆಯುತ್ತಿದ್ದರು.

ಹಾಗೆ ಬಂದವರಲ್ಲಿ ಹುಲಿಗೆಪ್ಪನೂ ಒಬ್ಬ. ಹೆಸರಿಗೆ ಹುಲಿ. ಬಾಗಿಲು ಜೋರಾಗಿ ಹಾಕಿದರೆ ಬೆಚ್ಚಿ ಬೀಳುತ್ತಿದ್ದ.

‘ಏನಾಗೇತಿ?’ ಎಂದರು ಕುಂತಜ್ಜ.

‘ಎದಿ ಹೊಡಕೋತೈತ್ರಿ ಅಜ್ಜಾರ. ಕಾಲು ತಾವ ಓಡತಾವು.’

‘ಎಲ್ಲಿ ಓಡಿದಿ?’

ಹುಲಿಗೆಪ್ಪ ನೆಲ ನೋಡುತ್ತಾ ಹೇಳಿದ. ಅವನೂ ಅವನ ಅಣ್ಣ ಕನಕಪ್ಪನೂ ಬೆಳಕು ಹರಿಯುವಾಗ ಶೇಂಗಾದ ಹೊಲಕ್ಕೆ ಹೋಗಿದ್ದರು. ಶೇಂಗಾ ಕೆದರುತ್ತಿದ್ದ ಕರಡಿ ಎದ್ದು ಕನಕಪ್ಪನ ಮೇಲೆ ಬಿತ್ತು. ಹುಲಿಗೆಪ್ಪ ಓಡಿದ.

‘ಅಣ್ಣ ಸತ್ತನೇನು?’

‘ಇಲ್ರಿ. ಬದುಕ್ಯಾನ. ಒಂದು ಕಣ್ಣಿಲ್ಲ. ಅರ್ಧ ಮುಖ ಇಲ್ಲ.’

‘ನಿನಗ ಏನಂತಾನ?’

‘ಏನೂ ಅನ್ನಂಗಿಲ್ರಿ. ಅದಕ್ಕ ಮನ್ಯಾಗ ಇರಾಕ ಆಗವಲ್ದು. ಅತ್ತಿಗಿ ಮಾತ್ರ ನನಗ ಉಣ್ಣಾಕ ಗಂಗಾಳ ಇಡೂವಾಗ ಸಪ್ಪಳ ಮಾಡತಾಳ.’

ಕುಂತಜ್ಜ ಸ್ವಲ್ಪ ಮುಂದೆ ಬಾಗಿದರು.

‘ಯಾ ಕಡೆ ಓಡಿದಿ?’

‘ಊರ ಕಡೆ.’

‘ಬಾಯಿ ಮುಚಗೊಂಡೋ? ಚೀರಕೋತನೋ?’

‘ಚೀರಕೋತರಿ. ಗಂಟಲ ಹರಿಯೂಹಂಗ. ಮಂದಿ ಬಡಿಗಿ ಹಿಡಕೊಂಡು ಬಂದ್ರು, ಕೊಳ್ಳಿ ತಂದ್ರು. ಕರಡಿ ಅವನ್ನ ಬಿಟ್ಟು ಹೋತು. ಆದ್ರ ನಾ ಓಡಿದ್ದು ಓಡಿದ್ದ ಅಲ್ರಿ?’

ಕುಂತಜ್ಜ ಬಾಯಿ ತೆರೆದರು. ಅಷ್ಟರಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ಗಾಣದ ವಿರುಪಣ್ಣ ಕಂಡ. ಮಠದ ದೀಪಕ್ಕೆ ಎಣ್ಣೆ ಅವನದೇ. ಅವನ ಹಿಂದೆ ಇನ್ನೂ ನಾಲ್ಕಾರು ಭಕ್ತರು ಕೈ ಜೋಡಿಸಿಕೊಂಡು ಅಜ್ಜನ ಬಾಯಿಯನ್ನೇ ನೋಡುತ್ತಿದ್ದರು.

ತೆರೆದ ಬಾಯಿ ಮುಚ್ಚಿತು.

‘ಊರಿಗೆ ಹೋಗು’ ಎಂದಷ್ಟೇ ಹೇಳಿದರು.

‘ಹೋಗಂಗಿಲ್ರಿ. ನೀವು ಕುಂತ್ರಲ್ಲ, ಅದನ್ನ ಕಲಸ್ರಿ ನನಗ.’

‘ಅದು ಕಲಿಯೂದಲ್ಲ.’

ವಿರುಪಣ್ಣ ತಲೆದೂಗಿದ. ‘ಖರೇ ಐತ್ರಿ. ಅದು ಹುಟ್ಟುತ್ತಲೇ ಬರಬೇಕು.’

ಹುಲಿಗೆಪ್ಪ ಹೋಗಲಿಲ್ಲ. ಮಠದ ಮೆಟ್ಟಿಲ ಮೇಲೆಯೇ ಬಿದ್ದುಕೊಂಡ. ಕೊನೆಗೆ ಕುಂತಜ್ಜ ಅವನಿಗೆ ಎರಡು ಕೊಡ ಮತ್ತು ಒಂದು ಗಟ್ಟಿ ಬಡಿಗೆ ಕೊಟ್ಟರು. ಬಡಿಗೆಯ ಎರಡೂ ತುದಿಗೆ ಕೊಡ ಕಟ್ಟಿ ಹೊಳೆಯಿಂದ ನೀರು ಹೊತ್ತು ತರುವುದು ಅವನ ಕೆಲಸವಾಯಿತು.

‘ಕಣಿವ್ಯಾಗ ಹೋ ಅನಕೋತ ಹೋಗು. ಒಂದು ಹೆಜ್ಜಿನೂ ಸುಮ್ಮನ ಇಡಬ್ಯಾಡ’ ಎಂದರು.

‘ಅದು ಅಂಜುಬುರುಕರ ಕೆಲಸ ಅಲ್ರಿ?’

‘ಹೌದು.’

‘ಎಲ್ಲೀತನಕ ಕೂಗಬೇಕ್ರಿ?’

‘ಸಾಯೂತನಕ.’

ಭಯ ಸಾಯುವ ತನಕ ಎಂದು ಹುಲಿಗೆಪ್ಪ ಅರ್ಥ ಮಾಡಿಕೊಂಡ. ಗುರುಗಳ ಮಾತು ಎಂದ ಮೇಲೆ ನೇರ ಅರ್ಥ ಇರುತ್ತದೆಯೇ?

ದಿನಾ ಕೂಗುತ್ತಾ ಇಳಿದ, ಕೂಗುತ್ತಾ ಹತ್ತಿದ. ಕಣಿವೆಯ ಗೋಡೆಗೆ ತಾಗಿದ ಕೂಗು ಮಠದವರೆಗೂ ಕೇಳುತ್ತಿತ್ತು. ಹಾಗೆ ಓಡಾಡುವಾಗ ಒಂದು ವಿಷಯ ಅವನ ಗಮನಕ್ಕೆ ಬಂತು. ಎಲ್ಲರೂ ಕೂರುವ ಆ ಬಂಡೆಯ ಮೇಲೆ ಕುಂತಜ್ಜ ಕೂತದ್ದನ್ನು ಯಾರೂ ನೋಡಿರಲಿಲ್ಲ.

‘ನೀವ್ಯಾಕ ಆ ಬಂಡಿ ಮ್ಯಾಲೆ ಕೂಡಂಗಿಲ್ರಿ?’

‘ಒಮ್ಮೆ ಕುಂತದ್ದು ಸಾಕು.’

‘ಹೊಳಿಗೂ ಇಳಿಯಂಗಿಲ್ಲ. ಹಬ್ಬಕ್ಕೂ ಇಳಿಯಂಗಿಲ್ಲ.’

‘ನನಗ ಕೊಡದ ನೀರ ಸಾಕು.’

ಎಂಥ ವೈರಾಗ್ಯ ಎಂದು ಹುಲಿಗೆಪ್ಪನಿಗೆ ಕಣ್ಣು ತುಂಬಿತು.

ಒಂದು ಸಂಜೆ ಅವನು ಅಜ್ಜನ ಕಾಲು ಒತ್ತುತ್ತಿದ್ದ. ಕೆಳಗೆ ಕಣಿವೆಯಲ್ಲಿ ಕರಡಿ ಗುಟುರು ಹಾಕಿತು. ಹುಲಿಗೆಪ್ಪನ ಕೈ ನಿಂತಿತು. ತಲೆ ಎತ್ತಿ ನೋಡಿದರೆ ಅಜ್ಜನ ಕೊರಳಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು.

‘ಅಜ್ಜಾರ, ನಿಮಗೂ?’

‘ನನ್ನದು ಇನ್ನೂ ನಿಂತಿಲ್ಲೋ.’

ಇದನ್ನೂ ಅವನು ದೊಡ್ಡವರ ದೊಡ್ಡ ಮಾತು ಎಂದೇ ತಿಳಿದ. ಸತ್ಯವನ್ನು ಒಗಟಿನ ಹಾಗೆ ಹೇಳಿದರೆ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಕುಂತಜ್ಜ ಅದರಲ್ಲಿ ಪಳಗಿಬಿಟ್ಟಿದ್ದರು.

ಇನ್ನೊಂದು ದಿನ ಒಬ್ಬ ಹೆಂಗಸು ಬಂದಳು. ತಾನು ಕೂಲಿ ಮಾಡುತ್ತಿದ್ದ ಒಡೆಯನ ವಿರುದ್ಧ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿತ್ತು. ಮುಂಜಾನೆಯ ಹೊತ್ತು. ವಿರುಪಣ್ಣನ ಕಡೆಯವರು ಇನ್ನೂ ಬಂದಿರಲಿಲ್ಲ. ಹುಲಿಗೆಪ್ಪ ಮಾತ್ರ ಒಳಗೆ ಒಲೆಯ ಬೂದಿ ಬಳಿಯುತ್ತಿದ್ದ.

‘ಎದಿ ಹೊಡಕೊಳ್ಳೂದು ನಿಲ್ಲಂಗ ಮಾಡ್ರಿ ಅಜ್ಜಾರ. ಕಟಕಟಿ ನೆನಸಿದ್ರ ಬಾಯಿ ಒಣಗತೈತಿ.’

‘ನಿಲ್ಲಸಬ್ಯಾಡವ್ವ. ಹೊಡಕೊಳ್ಳಲಿ. ಅದು ಹೊಡಕೋತಿರುವಾಗನ ನೀ ಮಾತಾಡು.’

ಅವಳು ಹೋದ ಮೇಲೆ ಹುಲಿಗೆಪ್ಪ ಹೊರಗೆ ಬಂದ.

‘ಆಕಿಗಿ ಬ್ಯಾರೆ ಹೇಳಿದ್ರಿ. ಮಂದಿ ಇದ್ದಾಗ ಹಿಂಗ ಹೇಳಂಗಿಲ್ಲ ನೀವು.’

‘ಆಕಿ ಊರಿಗೆ ಹೋಗಾಕಿ’ ಎಂದರು ಕುಂತಜ್ಜ. ‘ನೀ ಇಲ್ಲೇ ಇರಾಂವ.’

ಇದಕ್ಕೂ ಅವನಿಗೆ ಒಂದು ಅರ್ಥ ಸಿಕ್ಕಿತು. ಇರುವವನಿಗೆ ದೊಡ್ಡ ವಿದ್ಯೆ, ಹೋಗುವವಳಿಗೆ ಸಣ್ಣ ಮದ್ದು.

ಅವತ್ತಿನಿಂದ ಅವನು ನೀರು ತರುವಾಗ ಬಂಡೆಯ ಮೇಲೆ ಕೂರತೊಡಗಿದ. ಮೊದಮೊದಲು ಎಲೆ ಅಲುಗಿದರೂ ಎದೆ ಒನಕೆಯ ಹಾಗೆ ಕುಟ್ಟುತ್ತಿತ್ತು. ಕಣ್ಣು ಮುಚ್ಚಿ ಬಾಗಿಲ ಮೇಲಿನ ಮಾತನ್ನೇ ಹೇಳಿಕೊಂಡ. ಕುಂತವಗೆ ಕರಡಿಯಿಲ್ಲ, ಕುಂತವಗೆ ಕರಡಿಯಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎದೆ ಹೇಳಿದ ಮಾತು ಕೇಳುವುದನ್ನು ಕಲಿತಿತ್ತು.

ಒಂದು ಬೆಳಿಗ್ಗೆ ಅವನು ಕೂಗದೆ ಇಳಿದು ಕೂಗದೆ ಬಂದ.

ಕುಂತಜ್ಜ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಮುಖ ಬಿಳಚಿಕೊಂಡಿತ್ತು.

‘ಯಾಕ ಕೂಗಲಿಲ್ಲ?’

‘ಬೇಕಾಗಲಿಲ್ರಿ.’

ಅಜ್ಜ ಅವನ ಎದೆಯ ಮೇಲೆ ಅಂಗೈ ಇಟ್ಟರು. ನಿಧಾನ, ಸಮ, ಮಲಗಿದ ಕೂಸಿನ ಎದೆಯ ಹಾಗೆ. ಹುಲಿಗೆಪ್ಪ ಹೊಗಳಿಕೆಗೆ ಕಾದು ನಿಂತ.

ಕುಂತಜ್ಜ ಅವನ ಕೆನ್ನೆಗೆ ಬಾರಿಸಿದರು.

‘ನಾಳಿಂದ ಕೂಗಬೇಕು.’

ಮಧ್ಯಾಹ್ನದ ಹೊತ್ತಿಗೆ ಈ ಸುದ್ದಿ ವಿರುಪಣ್ಣನ ಗಾಣ ಮುಟ್ಟಿತು. ಸಂಜೆಯ ಹೊತ್ತಿಗೆ ಅದು ಪೆಟ್ಟಾಗಿ ಉಳಿದಿರಲಿಲ್ಲ, ಅನುಗ್ರಹವಾಗಿತ್ತು. ‘ಆ ಕೈಯಿಂದ ಹೊಡಿಸಿಕೊಳ್ಳಾಕ ಪುಣ್ಯಾ ಬೇಕಲೇ’ ಎಂದು ವಿರುಪಣ್ಣ ಹುಲಿಗೆಪ್ಪನ ಬೆನ್ನು ಚಪ್ಪರಿಸಿದ. ಹುಲಿಗೆಪ್ಪ ಮತ್ತೆ ಕೂಗತೊಡಗಿದ, ನಿಜ. ಆದರೆ ಬಾಯಿ ಮಾತ್ರ ಕೂಗುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಕನಕಪ್ಪ ಬಂದ.

ಅವನು ಬರುವುದು ಬಹಳ ಮೊದಲೇ ಗೊತ್ತಾಯಿತು. ಕಣಿವೆಯ ಬುಡದಿಂದ ಮಠದ ಬಾಗಿಲವರೆಗೂ ‘ಹೋ... ಹೋಯ್’ ಎಂದು ದೊಡ್ಡ ದನಿಯಲ್ಲಿ ಕೂಗುತ್ತಲೇ ಬಂದ. ತಲೆಯ ರುಮಾಲಿನ ಚುಂಗನ್ನು ಇಳಿಬಿಟ್ಟು ಅರ್ಧ ಮುಖ ಮುಚ್ಚಿಕೊಂಡಿದ್ದ. ಪಡಸಾಲೆಯಲ್ಲಿದ್ದವರು ನಕ್ಕರು. ಒಮ್ಮೆ ಕಚ್ಚಿಸಿಕೊಂಡವನು ಕೂಗದೆ ಇರುತ್ತಾನೆಯೇ ಎಂದರು.

ಕನಕಪ್ಪ ಅಜ್ಜನಿಗೆ ನಮಸ್ಕಾರ ಮಾಡಿ ತಮ್ಮನ ಪಕ್ಕದಲ್ಲಿ ಕೂತ.

‘ಮನಿಗೆ ನಡಿ.’

‘ಬರಂಗಿಲ್ಲಣ್ಣ.’

‘ಅತ್ತಿಗೀನ ನನ್ನ ಕಳಿಸ್ಯಾಳ. ಗಂಗಾಳ ಸಪ್ಪಳ ಮಾಡಂಗಿಲ್ಲಂತ, ಹೇಳು ಅಂದಾಳ.’

ಹುಲಿಗೆಪ್ಪ ನಗಲಿಲ್ಲ.

‘ಗಂಡು ಹುಟ್ಯಾನ ನಮಗ’ ಎಂದ ಕನಕಪ್ಪ. ‘ನಾ ಎತ್ತಿಕೊಂಡ್ರ ನನ್ನ ಮುಖ ನೋಡಿ ಅಂಜಿ ಅಳತಾನ. ನೀ ಎತ್ತಿಕೋ ಬಾ. ನೀ ಎತ್ತಿಕೊಂಡು ನಿಂತ್ರ, ನಾ ಹಿಂದಿಂದ ಅವನ ಕಾಲು ಹಿಡಕೋತೀನಿ.’

ಹುಲಿಗೆಪ್ಪನ ಕಣ್ಣು ಒದ್ದೆಯಾಯಿತು.

‘ನಿನ್ನ ಮುಖ ಹಿಂಗ ಮಾಡಿದಾಂವ ನಾನ ಅಲ್ಲೇನಣ್ಣ? ಬಿಟ್ಟು ಓಡಿದ್ನಲ್ಲ.’

‘ಹುಚ್ಚಪ್ಪ. ಮುಖ ಮಾಡಿದ್ದು ಕರಡಿ. ನೀ ಓಡಿದ್ದಕ್ಕ ನಾ ಉಳದೀನಿ. ನೀನೂ ಅಲ್ಲೇ ನಿಂತಿದ್ರ ಮಂದೀನ ಕರದು ತರಾವ್ರು ಯಾರಿದ್ರೋ?’

ಹುಲಿಗೆಪ್ಪ ತಿರುಗಿ ಗುರುಗಳನ್ನು ನೋಡಿದ.

‘ಅಜ್ಜಾರ, ಹೌದೇನ್ರಿ? ನಾ ಓಡಿದ್ದು ಚಲೋ ಆತೇನ್ರಿ?’

ವಿರುಪಣ್ಣ ದೀಪಕ್ಕೆ ಎಣ್ಣೆ ಹಾಕುತ್ತಿದ್ದವನು ಕೈ ತಡೆದ. ಭಕ್ತರೆಲ್ಲ ಕತ್ತು ಮುಂದೆ ಚಾಚಿದರು.

ಹೌದು ಎಂದರೆ ಸಾಕಾಗಿತ್ತು. ಒಂದು ಹೌದು ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಹೋಗುತ್ತಿತ್ತು. ಓಡಿದವನೇ ಸರಿ ಎಂದರೆ ಕೂತವರು ಏನಾಗುತ್ತಾರೆ, ಬಾಗಿಲ ಮೇಲಿನ ಮಾತು ಏನಾಗುತ್ತದೆ?

‘ನಿನ್ನ ಎದಿ ಕೇಳು’ ಎಂದರು ಕುಂತಜ್ಜ.

‘ಆಹಾ’ ಎಂದ ವಿರುಪಣ್ಣ.

ಹುಲಿಗೆಪ್ಪ ಕಣ್ಣು ಮುಚ್ಚಿ ಎದೆಯನ್ನು ಕೇಳಿದ. ವರ್ಷವಿಡೀ ಸುಮ್ಮನಿರು ಎಂದು ಹೇಳಿಸಿಕೊಂಡ ಎದೆ ಅದು. ಸುಮ್ಮನೇ ಇತ್ತು.

‘ನಾ ಇಲ್ಲೇ ಇರತೀನಣ್ಣ’ ಎಂದ. ‘ಹೊಳೀತನಕ ಕಳಿಸಿ ಬರತೀನಿ, ನಡಿ.’

ಕನಕಪ್ಪ ಮತ್ತೆ ಕೇಳಲಿಲ್ಲ. ರುಮಾಲು ಸರಿ ಮಾಡಿಕೊಂಡು ಎದ್ದ. ಹುಲಿಗೆಪ್ಪ ನೀರಿನ ಬಡಿಗೆಯನ್ನು ಹೆಗಲಿಗಿಟ್ಟುಕೊಂಡ. ವಿರುಪಣ್ಣನೂ ಅವನ ಕಡೆಯವರೂ ಊರಿಗೆ ಹೋಗುವವರೇ. ಅಜ್ಜನ ಪಾದ ಮುಟ್ಟಿ, ಚಪ್ಪಲಿ ಮೆಟ್ಟಿ, ಸ್ವಲ್ಪ ಹಿಂದಿನಿಂದ ಹೊರಟರು.

ಕುಂತಜ್ಜ ಬಾಗಿಲಿಗೆ ಬಂದು ನಿಂತರು. ಬಿಸಿಲಿನ್ನೂ ಇತ್ತು. ಕೆಳಗಿನಿಂದ ಕನಕಪ್ಪನ ಕೂಗು ಕೇಳಿಬರುತ್ತಿತ್ತು. ‘ಹೋ... ಹೋಯ್.’ ಮತ್ತೆ, ಇನ್ನೂ ಕೆಳಗಿನಿಂದ. ಅಜ್ಜ ಉಸಿರು ಬಿಟ್ಟರು.

ಅರ್ಧ ದಾರಿಯಲ್ಲಿ ಕೂಗು ನಿಂತಿತು.

‘ಅಣ್ಣ, ಕೂಗಬ್ಯಾಡ’ ಎಂದಿದ್ದ ಹುಲಿಗೆಪ್ಪ.

‘ಯಾಕೋ?’

‘ನಾ ಇಲ್ಲಿ ಸುಮ್ಮನ ಹೋಗಿ ಬಂದೀನಿ. ಏನೂ ಆಗಂಗಿಲ್ಲ. ಅವತ್ತಿನ ಹುಲಿಗ್ಯಾ ಅಲ್ಲ ನಾ. ನೀ ನೋಡು ಬೇಕಾದ್ರ.’

‘ಹಂಗಲ್ಲೋ ತಮ್ಮ...’

‘ನನ್ನ ಮ್ಯಾಲೆ ನಂಬಿಕಿ ಇಲ್ಲೇನು?’

ಕನಕಪ್ಪ ಇದ್ದ ಒಂದು ಕಣ್ಣಿನಿಂದ ತಮ್ಮನನ್ನು ನೋಡಿದ.

‘ನಿನ್ನ ಮ್ಯಾಲೆ ಇಲ್ಲದ ಇನ್ಯಾರ ಮ್ಯಾಲೆ ಇಡಲೋ?’

ಬಾಯಿ ಮುಚ್ಚಿಕೊಂಡು ನಡೆದ. ತಮ್ಮ ಖುಷಿಯಾಗಲಿ ಎಂದು ಸ್ವಲ್ಪ ಮುಂದೆಯೇ ನಡೆದ.

ಬಂಡೆಯ ತಿರುವಿನಲ್ಲಿ ಕರಡಿ ಇತ್ತು. ಬೆನ್ನ ಮೇಲೆ ಮರಿ ಇತ್ತು. ಅದಕ್ಕೂ ಇವರು ಬರುವುದು ಗೊತ್ತಾಗಿರಲಿಲ್ಲ.

ಅದು ಕನಕಪ್ಪನ ಮೇಲೆ ಬಿತ್ತು.

ಹುಲಿಗೆಪ್ಪನ ಎದೆ ಒಮ್ಮೆ ಜೋರಾಗಿ ಗುದ್ದಿತು. ಕಾಲು ಊರಿನ ಕಡೆ ತಿರುಗಿತು. ಗಂಟಲು ತಾನಾಗಿ ತೆರೆಯಿತು. ಮೂರನ್ನೂ ಅವನು ಗುರುತು ಹಿಡಿದ. ಇವೇ ಅಲ್ಲವೇ ಅವತ್ತು ಮೋಸ ಮಾಡಿದವು ಎಂದುಕೊಂಡ. ಬಡಿಗೆಯನ್ನು ಪಕ್ಕಕ್ಕಿಟ್ಟ. ಬಂಡೆಯ ಮೇಲೆ ಕೂತ. ಕಣ್ಣು ಮುಚ್ಚಿದ.

‘ಓಡೋ ತಮ್ಮಾ’ ಎಂದು ಕನಕಪ್ಪ ಕೂಗಿದ. ‘ಓಡೋ! ಅವತ್ತಿನಂಗ ಓಡೋ!’

ಕುಂತವಗೆ ಕರಡಿಯಿಲ್ಲ.

‘ಹುಲಿಗ್ಯಾ!’

ಕುಂತವಗೆ ಕರಡಿಯಿಲ್ಲ.

ಎದೆ ನಿಧಾನವಾಯಿತು. ಸಮವಾಯಿತು. ಕನಕಪ್ಪ ಇನ್ನೊಮ್ಮೆ ಕರೆದ, ಈ ಸಲ ಹೆಸರು ಪೂರ್ತಿಯಾಗಲಿಲ್ಲ. ಆಮೇಲೆ ಕರಡಿಯ ಉಸಿರು ಹುಲಿಗೆಪ್ಪನ ಮೊಣಕಾಲಿನ ಹತ್ತಿರ ಬಂತು, ಮೂಸಿತು, ದೂರ ಹೋಯಿತು.

ವಿರುಪಣ್ಣನ ಕಡೆಯವರು ಗದ್ದಲ ಕೇಳಿ ಓಡಿ ಬಂದಾಗ ಕರಡಿ ಹೋಗಿತ್ತು. ದಾರಿಯ ಮೇಲೆ ಕನಕಪ್ಪ ಬಿದ್ದಿದ್ದ. ಯಾರೋ ಮೂಗಿನ ಹತ್ತಿರ ಕೈ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. ಪಕ್ಕದ ಬಂಡೆಯ ಮೇಲೆ ಹುಲಿಗೆಪ್ಪ ಕಣ್ಣು ಮುಚ್ಚಿ ಕೂತಿದ್ದ. ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲ.

ಹೆಣದ ಮೇಲೆ ಒಂದು ಪಂಚೆ ಹೊದಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬಂಡೆಯ ಕಡೆ ತಿರುಗಿ ಕೈ ಮುಗಿದರು.

‘ಒಡಹುಟ್ಟಿದ ಅಣ್ಣ’ ಎಂದ ವಿರುಪಣ್ಣ, ನಡುಗುವ ದನಿಯಲ್ಲಿ. ‘ಒಡಹುಟ್ಟಿದಾಂವ ಕಣ್ಣ ಮುಂದ ಹೋದ್ರೂ ಅಲುಗಿಲ್ಲ ನೋಡ್ರಪಾ.’

ಆಗ ಮೇಲಿನಿಂದ ಕೂಗು ಕೇಳಿತು. ‘ಹೋ... ಹೋಯ್... ಹೋ...’ ಯಾವುದೋ ಮುದಿ ಗಂಟಲು. ಎಲ್ಲರೂ ತಲೆ ಎತ್ತಿದರು.

ಎಷ್ಟೋ ವರ್ಷಗಳಿಂದ ಕಣಿವೆಗೆ ಕಾಲಿಡದಿದ್ದ ಕುಂತಜ್ಜ ಇಳಿದು ಬರುತ್ತಿದ್ದರು. ಎರಡು ಕಡೆ ಬಿದ್ದಿದ್ದರು, ಮೊಣಕಾಲು ಒಡೆದಿತ್ತು. ಹೆಜ್ಜೆಗೊಮ್ಮೆ ಕೂಗುತ್ತಿದ್ದರು. ಪಂಚೆಯ ಕೆಳಗಿನಿಂದ ಕಾಣುತ್ತಿದ್ದ ಕನಕಪ್ಪನ ಪಾದ ನೋಡಿದ ಮೇಲೆ ಕೂಗು ನಿಂತಿತು.

ಹುಲಿಗೆಪ್ಪ ಕಣ್ಣು ಬಿಟ್ಟ.

‘ಅಜ್ಜಾರ, ನಾ ಓಡಲಿಲ್ರಿ.’

ಕುಂತಜ್ಜ ಬಂಡೆಯ ಹತ್ತಿರ ಬಂದರು.

‘ಎದಿನೂ ಹೊಡಕೊಳ್ಳಲಿಲ್ಲ. ನೋಡ್ರಿ.’

ಅವನು ಅಜ್ಜನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡ. ಅಜ್ಜ ಬೆಂಕಿ ತಾಗಿದವರ ಹಾಗೆ ಕೈ ಕಿತ್ತುಕೊಂಡರು. ಆಮೇಲೆ ಶಿಷ್ಯನ ಕೈಯನ್ನು ತೆಗೆದು ತಮ್ಮ ಎದೆಯ ಮೇಲೆ ಒತ್ತಿ ಹಿಡಿದರು.

ಹುಲಿಗೆಪ್ಪ ಅವರ ಮುಖ ನೋಡಿದ.

‘ಹೊಡಕೋತೈತ್ರಿ.’

‘ಅವತ್ತಿಂದ ಹೊಡಕೋತೈತಿ. ಹಿರಿಯಜ್ಜ ನನ್ನ ಹೆಸರು ಹಿಡದು ಕರೀತಿದ್ರು. ನಾ ಕುಂತಿರಲಿಲ್ಲೋ ಹುಲಿಗ್ಯಾ. ನನಗ ಏಳಾಕ ಆಗಲಿಲ್ಲ. ಕಾಲಾಗಿನ ಜೀವಾ ಹೋಗಿತ್ತು.’

‘ಮತ್ತ ಮಂದಿ ನೋಡಿದ್ರಲ್ರಿ...’

‘ಮಂದಿ ಬಂದಾಗ ನನ್ನ ಬಾಯಿ ಬಿದ್ದಿತ್ತು. ಬಾಯಿ ಬರೂದ್ರಾಗ ಗದ್ದುಗಿ ಮ್ಯಾಲಿದ್ದೆ.’

ವಿರುಪಣ್ಣ ಭಕ್ತರ ಕಡೆ ತಿರುಗಿದ. ‘ಕೇಳಿದ್ರೇನು ಅಜ್ಜಾರ ದೊಡ್ಡಗುಣ? ಶಿಷ್ಯನ್ನ ಮುಂದ ಮಾಡಾಕ ತಮ್ಮನ್ನ ಸಣ್ಣ ಮಾಡಿಕೊಂಡ್ರು.’

‘ವಿರುಪಣ್ಣ, ನಾ ಅವತ್ತ ಉಚ್ಚಿ ಹೊಯ್ಕೊಂಡಿದ್ದೆ.’

‘ಎಂಥಾ ನಿರಹಂಕಾರ’ ಎಂದು ವಿರುಪಣ್ಣ ಕಣ್ಣೊರೆಸಿಕೊಂಡ.

ಕುಂತಜ್ಜ ಅವನನ್ನು ಬಿಟ್ಟು ಹುಲಿಗೆಪ್ಪನ ಕಡೆಗೇ ತಿರುಗಿದರು.

‘ಹಂಗಾರ ಅವತ್ತ ಹೊಲದಾಗ ನಾ ಓಡಿದ್ದು?’

‘ನೀ ಓಡಿದ್ದಕ್ಕ ಅವ ಉಳದಿದ್ದ. ಅವನೂ ಅದನ್ನ ಹೇಳಿದ.’

‘ನಿಮಗ ಮೊದಲ ಗೊತ್ತಿತ್ತೇನ್ರಿ?’

‘ನೀ ಬಂದ ದಿನಾನ ಗೊತ್ತಿತ್ತು.’

‘ಮತ್ತ ನೀವ್ಯಾಕ ಹೇಳಲಿಲ್ರಿ ಅಜ್ಜಾರ? ನಾ ಕೇಳಿದ್ನಲ್ರಿ. ಇವತ್ತೂ ಕೇಳಿದ್ನಲ್ರಿ.’

‘ಅಂಜಿದೆ.’

ಹುಲಿಗೆಪ್ಪ ಪಂಚೆಯ ಕಡೆ ನೋಡಿದ. ಪಕ್ಕದಲ್ಲಿ ತಾನೇ ಇಟ್ಟಿದ್ದ ಬಡಿಗೆಯನ್ನು ನೋಡಿದ. ಆಗ ಅವನ ಎದೆ ಹೊಡೆದುಕೊಳ್ಳತೊಡಗಿತು. ಅಣ್ಣಾ ಎಂದು ಕೂಗಲು ಬಾಯಿ ತೆರೆದ, ಗಂಟಲಿನಿಂದ ದನಿ ಬರಲಿಲ್ಲ. ಏಳಲು ನೋಡಿದ. ಕಾಲು ಏಳಲಿಲ್ಲ.

ಹಿಂದೆ ಯಾರೋ ಚೀಲದಿಂದ ತೆಂಗಿನಕಾಯಿ ತೆಗೆದರು. ಒಬ್ಬ ಹೆಂಗಸು ಬಂಡೆಯ ಬುಡಕ್ಕೆ ವಿಭೂತಿ ಬಳಿಯುತ್ತಿದ್ದಳು. ವಿರುಪಣ್ಣ ಹೆಗಲ ಮೇಲಿನ ಶಲ್ಯ ತೆಗೆದು ಹುಲಿಗೆಪ್ಪನ ಪಾದದ ಕೆಳಗೆ ಹಾಸಿದ.

ಕುಂತಜ್ಜ ಶಲ್ಯವನ್ನು ಕಾಲಿನಿಂದ ಸರಿಸಿ ಕೈ ಚಾಚಿದರು.

‘ಏಳೋ ಹುಲಿಗ್ಯಾ. ಇನ್ನೊಂದೀಟು ಹೊತ್ತು ಕುಂತ್ಯಂದ್ರ ನಿನಗೂ ಪೂಜಾ ಮಾಡತಾರ.’